ಮಲ್ಲೇಶ್ವರದ ನೆರಳು

ನಮ್ಮ ಪ್ರಾಚೀನ ಚಂಪೂಕವಿಗಳು ಮಹಾಕಾವ್ಯಕ್ಕೆ ಅಷ್ಟಾದಶ ವರ್ಣನೆಗಳು ಇರತಕ್ಕದ್ದೆಂಬ ನಿಯಮವನ್ನು ಒಪ್ಪಿಕೊಂಡವರು. ಆ ಹದಿನೆಂಟರಲ್ಲಿ ಪುರವರ್ಣನೆಯೂ ಒಂದು, ಉದ್ಯಾನವರ್ಣನೆಯೂ ಒಂದು. ಆದರೆ ಎರಡೂ ಬೇರೆ ಬೇರೆ. ಕವಿ ಪುರವನ್ನು ವರ್ಣಿಸುವಾಗ ಕೋಟೆ, ಅಗಳು, ಸೌಧ, ಅಂಗಡಿಬೀದಿ ಇವುಗಳನ್ನು ಹೇಳಿ ಮುಗಿಸುತ್ತಾನೆ. ಮರಗಿಡಗಳ ಮಾತು ಬರಬೇಕಾದರೆ ನಾಯಕನೋ ನಾಯಿಕೆಯೋ ಪರಿವಾರಸಮೇತ ಊರಬಾಗಿಲನ್ನು ದಾಟಿ ವನವಿಹಾರಕ್ಕೆ ಹೊರಡಬೇಕು. ಮನೆಗಳ ನಡುವೆಯೇ ತೋಪು, ತೋಪಿನ ನಡುವೆಯೇ ಮನೆಗಳು ಇರುವ ಸ್ಥಳವೊಂದನ್ನು ವರ್ಣಿಸೆಂದಿದ್ದರೆ ಆ ಕವಿ ಅದನ್ನು ಯಾವ ವರ್ಣನೆಯ ಲೆಕ್ಕಕ್ಕೆ ಸೇರಿಸುತ್ತಿದ್ದನೋ ನಾನು ಹೇಳಲಾರೆ. ಬೆಂಗಳೂರಿನ ಮಲ್ಲೇಶ್ವರ ಅಂಥ ಒಂದು ಬಡಾವಣೆ.

ಮಲ್ಲೇಶ್ವರವನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಅಲ್ಲಿಯ ಹಸಿರು ಪ್ರಕೃತಿಯ ಕೊಡುಗೆಯೆಂಬಂತೆ ಮಾತನಾಡುತ್ತಾರೆ. ಅಲ್ಲಿ ಮೊದಲು ಕಾಡಿದ್ದಿತು, ಆ ಕಾಡಿನ ಶೇಷವೇ ಇಂದಿನ ಸಾಲುಮರಗಳು ಎಂಬ ಭಾವನೆ ಬಹಳ ಜನರಲ್ಲಿದೆ. ದೇವಸ್ಥಾನದ ಹೆಸರು ಕಾಡು ಮಲ್ಲೇಶ್ವರ ಎಂದಿರುವುದು ಈ ಭಾವನೆಗೆ ಒತ್ತಾಸೆಯಾಗಿ ನಿಂತಿದೆ. ಚರಿತ್ರೆಯನ್ನು ನೋಡಿದರೆ ಸಂಗತಿ ಬೇರೆಯಾಗಿ ಕಾಣುತ್ತದೆ. ಮಲ್ಲೇಶ್ವರದ ನೆರಳು ಬಹುಮಟ್ಟಿಗೆ ಮನುಷ್ಯರು ನೆಟ್ಟದ್ದು. ಅದನ್ನು ನೆಡುವಂತೆ ಮಾಡಿದ್ದು ಸೌಂದರ್ಯದ ಹಂಬಲಕ್ಕಿಂತ ಹೆಚ್ಚಾಗಿ ಸಾವಿನ ಭಯ.

ಮೊದಲು ಆ ದೇವಸ್ಥಾನದಿಂದಲೇ ಪ್ರಾರಂಭಿಸೋಣ. ಬೆಂಗಳೂರು ಬಿಜಾಪುರದ ಆದಿಲಶಾಹಿಗಳಿಂದ ಷಹಾಜಿಗೆ ಜಹಗೀರಾಗಿ ದೊರೆತು, ಅವನ ತರುವಾಯ ಮಗ ವೆಂಕೋಜಿಯ ವಶದಲ್ಲಿದ್ದ ಕಾಲ ಅದು. ವೆಂಕೋಜಿ ಎಂದರೆ ಛತ್ರಪತಿ ಶಿವಾಜಿಯ ಮಲಸಹೋದರ. ಏಕೋಜಿ ಎಂತಲೂ ಕರೆಯುತ್ತಾರೆ. ಇವನು ಮಲ್ಲಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿ ಎಂಬ ಗ್ರಾಮವನ್ನು ದತ್ತಿಯಾಗಿ ಬಿಟ್ಟುದನ್ನು 1669ರ ಬಂಡೆಗಲ್ಲಿನ ಶಾಸನವೊಂದು ಹೇಳುತ್ತದೆ. ಶಾಸನದ ಭಾಷೆ ಕನ್ನಡ. ಮರಾಠಿ ಮನೆಮಾತಿನ ಪ್ರಭುವೊಬ್ಬ ಕನ್ನಡದ ಊರಿನ ದೇವರಿಗೆ ಕನ್ನಡದಲ್ಲಿ ಬರೆಸಿ ಕೊಟ್ಟ ದತ್ತಿ ಇದು.

ಈ ಹೆಸರುಗಳನ್ನು ಸ್ವಲ್ಪ ನಿಂತು ನೋಡಬೇಕು. ಮೇದರೆಂದರೆ ಬಿದಿರಿನ ಬುಟ್ಟಿ, ಮೊರ, ತಟ್ಟಿಗಳನ್ನು ಹೆಣೆಯುವ ಕುಲದವರು. ಮೇದರನಿಂಗನ ಹೆಸರಿನಲ್ಲಿ ಒಂದು ಹಳ್ಳಿಯೇ ಇದ್ದಿತೆಂದರೆ ಬಿದಿರು ಅಲ್ಲಿಗೆ ಬಹಳ ದೂರದಲ್ಲಿರಲಿಲ್ಲವೆಂದು ಊಹಿಸಬಹುದು. ಇದು ಊಹೆಯೇ ಹೊರತು ಪ್ರಮಾಣವಲ್ಲ. ಇನ್ನು ಮಲ್ಲಿಕಾರ್ಜುನ. ಮಲ್ಲಿಕೆ ನಮ್ಮ ಮಲ್ಲಿಗೆ; ಅರ್ಜುನ ಎಂಬುದಕ್ಕೆ ಬಿಳುಪು ಎಂಬ ಅರ್ಥವುಂಟು, ಮಧ್ಯಮ ಪಾಂಡವನೆಂಬ ಅರ್ಥವುಂಟು, ಮತ್ತಿಯ ಜಾತಿಯ ಒಂದು ಮರವೆಂಬ ಅರ್ಥವೂ ಉಂಟು. ಪಂಡಿತರು ತಮಗೆ ಇಷ್ಟಬಂದಂತೆ ವಿಗ್ರಹವಾಕ್ಯ ಹೇಳಿಕೊಳ್ಳಲಿ. ಹೂವೂ ಮರವೂ ಹೆಸರಿನಲ್ಲೇ ಕೂಡಿರುವ ದೇವರು ಈ ಬಡಾವಣೆಗೆ ಹೆಸರು ಕೊಟ್ಟದ್ದು ಆಕಸ್ಮಿಕವಾದರೂ ಒಪ್ಪುವಂಥ ಆಕಸ್ಮಿಕ. ಕೊನೆಯ ಸೊನ್ನೆಯ ಮಾತು ಬೇರೆ. ಮಲ್ಲೇಶ್ವರಂ ಎಂದು ಬಸ್ಸುಗಳ ಮೇಲೆ ಬರೆದಿರುವುದನ್ನು ನಾವು ಮಲ್ಲೇಶ್ವರ ಎಂದು ಓದಿಕೊಂಡು ಬಂದಿದ್ದೇವೆ. ಅಲ್ಲಿ ಮೊದಲಿನಿಂದಲೂ ತಮಿಳು, ಕೊಂಕಣಿ, ತೆಲುಗು ಮಾತನಾಡುವ ಸಂಸಾರಗಳು ಕನ್ನಡದವರ ಜೊತೆಗೆ ಬಾಳಿವೆ. ಸೊನ್ನೆಗಾಗಿ ಯಾರೂ ಜಗಳವಾಡಿಲ್ಲ.

ದೇವಸ್ಥಾನದ ಎದುರಿಗೇ ನಂದಿತೀರ್ಥವಿದೆ. ನಂದಿಯ ಬಾಯಿಂದ ನೀರು ಕೆಳಗಿನ ಲಿಂಗದ ಮೇಲೆ ಬಿದ್ದು, ಅಲ್ಲಿಂದ ಕಲ್ಯಾಣಿಗೆ ಹರಿಯುತ್ತದೆ. ಬಹುಕಾಲ ಮಣ್ಣಿನಲ್ಲಿ ಹುದುಗಿದ್ದ ಇದನ್ನು 1990ರ ದಶಕದ ಕೊನೆಯ ಭಾಗದಲ್ಲಿ ಅಗೆದು ತೆಗೆದರು. ಇದು ಸಹಸ್ರಾರು ವರ್ಷಗಳ ಹಿಂದಿನದೆಂದು ಹೇಳುವವರಿದ್ದಾರೆ. ಭಕ್ತಿಗೆ ಅಷ್ಟು ವರ್ಷಗಳು ಬೇಕಾಗಿರಬಹುದು; ಶಿಲ್ಪಕ್ಕೆ ಬೇಕಾಗಿಲ್ಲ. ನಮ್ಮ ದೃಷ್ಟಿಗೆ ಮುಖ್ಯವಾದುದು ನೀರು. ಎತ್ತರದ ನೆಲದಲ್ಲಿ ಬಿದ್ದ ಮಳೆ ಇಳಿಜಾರಿನಲ್ಲಿ ಊಟೆಯಾಗಿ ಹೊರಬರುವ ಒಂದು ಜಾಗ ಇಲ್ಲಿದ್ದುದರಿಂದಲೇ ದೇವಸ್ಥಾನವೂ ಇಲ್ಲಿ ನಿಂತಿರಬೇಕು. ಮರಗಳು ಆಮೇಲೆ ಬಂದುವು. ನೀರು ಮೊದಲೇ ಇದ್ದಿತು.

ಇನ್ನೊಂದು ನೀರು ಬಂದದ್ದು 1882ರಲ್ಲಿ. 1876ರಿಂದ 1878ರವರೆಗಿನ ಮಹಾಕ್ಷಾಮ ಮೈಸೂರು ಸೀಮೆಯನ್ನು ಹೇಗೆ ಸುಟ್ಟಿತೆಂಬುದನ್ನು ಹಿರಿಯರಿಂದ ಕೇಳಿದವರನ್ನು ಕಂಡ ಕೊನೆಯ ತಲೆಮಾರು ನಮ್ಮದು. ಕ್ಷಾಮದ ಪಾಠವನ್ನು ನೆನಪಿನಲ್ಲಿಟ್ಟು ಬೆಂಗಳೂರಿನ ನೀರಿನ ಕೊರತೆಯನ್ನು ನೀಗಿಸಲೆಂದು ಕಟ್ಟಿದ ಕೆರೆಗೆ, ಸಂಸ್ಥಾನದಲ್ಲಿ ಮುಖ್ಯ ಇಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿಯವರ ಹೆಸರು ನಿಂತಿತು. ಅಠಾರಾ ಕಚೇರಿಯ ಕೆಂಪು ಕಟ್ಟಡವನ್ನು ಕಂಡವರಿಗೆ ಈ ಹೆಸರು ಪರಿಚಿತವೇ. ಜನ ಮಾತ್ರ ಆ ಕೆರೆಯನ್ನು ಗಂಧದಕೋಟಿ ಕೆರೆ ಎಂದರು. ಸರ್ಕಾರದ ಶ್ರೀಗಂಧದ ಕೋಠಿ ಅದರ ಬಳಿ ಇದ್ದುದರಿಂದ. ಸುಮಾರು ಮೂವತ್ತೇಳು ಎಕರೆಯ ಈ ಕೆರೆ ಕುಡಿಯುವ ನೀರಿನ ಮೂಲವಾಗಿ ಬಹುಕಾಲ ಉಳಿಯಲಿಲ್ಲ. 1896ರಲ್ಲಿ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಬಂದಿತು. ಕೆಲಸ ಮುಗಿದ ಕೆರೆ ಹೂಳು ತುಂಬಿ ಬಸ್ ನಿಲ್ದಾಣವಾಗುವುದು ಬೆಂಗಳೂರಿನ ವಾಡಿಕೆ. ಧರ್ಮಾಂಬುಧಿ ಕೆರೆಗೆ ಆದದ್ದು ಅದೇ. ಸ್ಯಾಂಕಿ ಕೆರೆ ಹಾಗಾಗದೆ ಉಳಿದದ್ದು ಮಲ್ಲೇಶ್ವರದ ಭಾಗ್ಯ.

ಈಗ ಪ್ಲೇಗಿನ ವಿಷಯ. 1894ರಲ್ಲಿ ಹಾಂಗ್‌ಕಾಂಗ್, 1896ರಲ್ಲಿ ಮುಂಬಯಿ. ಅಲ್ಲಿಂದ ರೈಲುಹಾದಿಯಲ್ಲಿ ಹುಬ್ಬಳ್ಳಿಯ ಕಡೆಗೆ ಇಳಿದ ಪ್ಲೇಗು 1898ರ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರನ್ನು ಹೊಕ್ಕಿತು. ಆಗಿನ ಬೆಂಗಳೂರೆಂದರೆ ಎರಡು ಊರು. ಒಂದು ಕೆಂಪೇಗೌಡನ ಪೇಟೆ, ಇನ್ನೊಂದು ಬ್ರಿಟಿಷರ ದಂಡು. ಪೇಟೆಯೆಂದರೆ ಅಕ್ಕಿಪೇಟೆ, ಅರಳೆಪೇಟೆ, ಬಳೆಪೇಟೆ, ನಗರ್ತಪೇಟೆ; ಒಂದೊಂದು ಕಸುಬಿಗೆ ಒಂದೊಂದು ಬೀದಿ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು, ಮುಂದೆ ಅಂಗಡಿ, ಹಿಂದೆ ಸಂಸಾರ, ಅಟ್ಟದ ಮೇಲೆ ದವಸ. ಇಲಿಗೆ ಇದಕ್ಕಿಂತ ಸುಖವಾದ ಊರನ್ನು ಯಾರೂ ಕಟ್ಟಿಕೊಡಲಾರರು.

ಪ್ಲೇಗಿನ ಭೀತಿ ಎಂಥದೆಂಬುದನ್ನು ಇಂದಿನ ಓದುಗರು ತಿಳಿಯುವುದು ಬಹುಶಃ ಅನಂತಮೂರ್ತಿಯವರ ‘ಸಂಸ್ಕಾರ’ದಿಂದ. 1965ರಲ್ಲಿ ಪ್ರಕಟವಾದ ಆ ಕಾದಂಬರಿಯ ಅಗ್ರಹಾರದಲ್ಲಿ ಸತ್ತ ಇಲಿಗಳು ಬೀಳುವ ಚಿತ್ರವನ್ನು ಒಮ್ಮೆ ಓದಿದವರು ಮರೆಯಲಾರರು. ಅದು ಮಲೆನಾಡಿನ ಒಂದು ಪುಟ್ಟ ಅಗ್ರಹಾರ. ಅದನ್ನು ಸಾವಿರಾರು ಮನೆಗಳ ಪೇಟೆಗೆ ಹಿಗ್ಗಿಸಿ ಊಹಿಸಿಕೊಳ್ಳಬೇಕು. ಜನಗಣತಿಯ ಅಂಕಿಗಳು ತಮ್ಮ ಒಣ ಭಾಷೆಯಲ್ಲಿ ಅದನ್ನೇ ಹೇಳುತ್ತವೆ. 1891ರಲ್ಲಿ ಬೆಂಗಳೂರು ನಗರದ, ಎಂದರೆ ದಂಡನ್ನು ಬಿಟ್ಟು, ಜನಸಂಖ್ಯೆ 80,285. 1901ರಲ್ಲಿ ಅದು 69,447. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಊರು ಹತ್ತು ಸಾವಿರಕ್ಕಿಂತ ಹೆಚ್ಚು ಜನರನ್ನು ಕಳೆದುಕೊಂಡಿತು. ಅವರೆಲ್ಲರೂ ಸತ್ತರೆಂದಲ್ಲ, ಅನೇಕರು ಊರು ಬಿಟ್ಟು ಓಡಿದರು. ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡವರ, ಬಲವಂತವಾಗಿ ಶಿಬಿರಗಳಿಗೆ ಸಾಗಿಸಲ್ಪಟ್ಟವರ ಕಥೆಗಳು ಹಳೆಯ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಉಳಿದಿದ್ದುವು.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದ ಕೊನೆಯ ವರ್ಷಗಳು ಅವು. ಪ್ಲೇಗು ಕಮಿಷನರ್ ಆಗಿ ನೇಮಕಗೊಂಡವರು ಮುಂದೆ ತಾವೇ ದಿವಾನರಾದ ವಿ. ಪಿ. ಮಾಧವರಾಯರು. ಪೇಟೆಯ ಇಕ್ಕಟ್ಟನ್ನು ಬಿಡಿಸದೆ ರೋಗಕ್ಕೆ ಕೊನೆಯಿಲ್ಲವೆಂದು ನಿಶ್ಚಯವಾಯಿತು. ಚಾಮರಾಜಪೇಟೆ 1892ರಲ್ಲೇ ಆಗಿದ್ದಿತು. ಈಗ ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ ಎಂಬ ಎರಡು ಹೊಸ ಬಡಾವಣೆಗಳನ್ನು ಒಂದೇ ಉಸಿರಿನಲ್ಲಿ ಎತ್ತಿಕೊಂಡರು. ನೇರವಾದ ರಸ್ತೆ, ಅದಕ್ಕೆ ಅಡ್ಡವಾಗಿ ಮತ್ತೊಂದು ರಸ್ತೆ, ಮನೆಗೂ ಮನೆಗೂ ನಡುವೆ ತೆರವು, ಮನೆಯ ಮುಂದೆ ಅಂಗಳ, ಹಿಂದೆ ಹಿತ್ತಲು, ಗಾಳಿ ಬೆಳಕು ಧಾರಾಳ. ನಾವು ಇಂದು ಹದಿನೈದನೆಯ ಅಡ್ಡರಸ್ತೆ, ಎಂಟನೆಯ ಮುಖ್ಯರಸ್ತೆ ಎಂದು ಲೆಕ್ಕ ಹೇಳುವ ಕ್ರಮ ಬಂದದ್ದು ಈ ಯೋಜನೆಯಿಂದ.

ಇಲ್ಲಿ ಚರಿತ್ರೆಯ ಒಂದು ವಿನೋದವಿದೆ. ಗಾಳಿ ಬೆಳಕುಗಳ ಅಭಾವವೂ ಹೊಲಸೂ ಪ್ಲೇಗಿಗೆ ಕಾರಣವೆಂಬುದು ಆಗಿನವರ ದೃಢವಾದ ನಂಬಿಕೆ. ರೋಗಾಣುವನ್ನು ಯೆರ್ಸಿನ್ 1894ರಲ್ಲೇ ಕಂಡುಹಿಡಿದಿದ್ದರೂ ಅದು ಮನುಷ್ಯನನ್ನು ತಲಪುವ ದಾರಿ ತಿಳಿದಿರಲಿಲ್ಲ. ಮಲ್ಲೇಶ್ವರಕ್ಕೆ ಗೆರೆ ಎಳೆಯುತ್ತಿದ್ದ ಅದೇ 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮಾನ್ ಎಂಬ ಫ್ರೆಂಚ್ ವೈದ್ಯ, ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಹೊರುತ್ತದೆಂಬುದನ್ನು ಪ್ರಯೋಗ ಮಾಡಿ ಕಂಡುಕೊಂಡ. ಅವನ ಮಾತನ್ನು ವೈದ್ಯಲೋಕ ಒಪ್ಪಿಕೊಳ್ಳಲು ಹಲವು ವರ್ಷಗಳೇ ಬೇಕಾದುವು. ಎಂದಮೇಲೆ ಅಗಲವಾದ ರಸ್ತೆ, ತೆರವಾದ ಅಂಗಳಗಳು ಅರ್ಧ ಸರಿಯಾದ, ಅರ್ಧ ತಪ್ಪಾದ ಒಂದು ಸಿದ್ಧಾಂತದ ಫಲ. ಚಿಗಟದ ಸಂಗತಿ ಮೊದಲೇ ಗೊತ್ತಿದ್ದರೆ ಸರ್ಕಾರ ಇಲಿಗಳನ್ನು ಕೊಲ್ಲಿಸಿ, ದವಸದ ಮಳಿಗೆಗಳನ್ನು ಭದ್ರಪಡಿಸಿ ಸುಮ್ಮನಾಗುತ್ತಿದ್ದಿತೋ ಏನೋ. ಆಗ ಮರ ಬೆಳೆಯುವಷ್ಟು ಅಗಲದ ರಸ್ತೆಯೂ ಇರುತ್ತಿರಲಿಲ್ಲ, ಹಲಸು ಬೆಳೆಯುವಷ್ಟು ಹಿತ್ತಲೂ ಇರುತ್ತಿರಲಿಲ್ಲ.

ಈ ಹೊಸ ಬಡಾವಣೆಗೆ ಹೋದವರು ಯಾರು? ಪೇಟೆಯ ವರ್ತಕನಿಗೆ ಅಂಗಡಿಯೂ ಮನೆಯೂ ಒಂದೇ ಕಟ್ಟಡ. ಮನೆಯನ್ನು ಮಲ್ಲೇಶ್ವರಕ್ಕೆ ಒಯ್ದರೆ ಅಂಗಡಿಯನ್ನು ಯಾರು ನೋಡಬೇಕು? ನೇಯುವವನು ಮಗ್ಗವನ್ನು ಬಿಟ್ಟು ಹೋಗುವಂತಿಲ್ಲ. ಹೋಗಲು ಸಾಧ್ಯವಾದದ್ದು ಹತ್ತು ಗಂಟೆಗೆ ಕಚೇರಿಗೆ ಹೋಗಿ ಸಂಜೆ ಮರಳುವವರಿಗೆ: ಸರ್ಕಾರಿ ನೌಕರರು, ವಕೀಲರು, ಉಪಾಧ್ಯಾಯರು. ಆದ್ದರಿಂದ ಇಕ್ಕಟ್ಟಿನಿಂದ ಅತಿಯಾಗಿ ನರಳಿದವರಿಗಿಂತ, ಇಕ್ಕಟ್ಟನ್ನು ಬಿಡಲು ಅನುಕೂಲವಿದ್ದವರಿಗೆ ಈ ನೆರಳು ದಕ್ಕಿತು. ಮಲ್ಲೇಶ್ವರದ ಸಂಗೀತ, ಹರಿಕಥೆ, ಗ್ರಂಥಾಲಯ, ಸಂಘಸಂಸ್ಥೆಗಳ ಹೆಮ್ಮೆಯನ್ನು ನಾವೆಲ್ಲ ಪಟ್ಟುಕೊಳ್ಳುವವರೇ. ಆ ಸಂಸ್ಕೃತಿಯ ಬೇರು ಈ ಅನುಕೂಲದ ಮಣ್ಣಿನಲ್ಲಿದೆ ಎಂಬುದನ್ನು ಮರೆಯದಿರುವುದು ಒಳ್ಳೆಯದು.

ಮನೆಗಳ ಹಿಂದಿನ ಓಣಿಯನ್ನೂ ಇಲ್ಲಿ ಹೇಳಬೇಕು. ಎರಡು ಸಾಲು ಮನೆಗಳ ಹಿತ್ತಲುಗಳ ನಡುವೆ ಒಂದು ಕಿರಿದಾದ ದಾರಿ. ಕಾಗದಪತ್ರಗಳಲ್ಲಿ ಅದಕ್ಕೆ ಕನ್ಸರ್ವೆನ್ಸಿ ಲೇನ್ ಎಂದು ಹೆಸರು, ಮನೆಯವರ ಬಾಯಲ್ಲಿ ಬರಿಯ ಸಂದಿ. ಒಳಚರಂಡಿ ಬರುವುದಕ್ಕೆ ಮುಂಚೆ ಮನೆಮನೆಯ ಮಲವನ್ನು ಹೊತ್ತು ಒಯ್ಯುವವರು ಮುಂಬಾಗಿಲಿಗೆ ಬಾರದಿರಲೆಂದು ಮಾಡಿದ ದಾರಿ ಅದು. ಮುಂದಿನ ರಸ್ತೆಗೆ ಸಂಪಿಗೆಯ ಹೆಸರು. ಹಿಂದಿನ ಓಣಿಗೆ ಹೆಸರೇ ಇಲ್ಲ. ಪ್ಲೇಗಿನಿಂದ ಪಾರಾಗಲು ನಿರ್ಮಲವಾದ ಊರು ಬೇಕೆಂದವರು ನಿರ್ಮಲತೆಯ ಹೊರೆಯನ್ನು ಯಾರ ತಲೆಯ ಮೇಲೆ ಇಟ್ಟರೆಂಬುದು ಆ ಓಣಿಯ ಅಗಲದಲ್ಲಿ ಅಳತೆಯಾಗಿ ಉಳಿದಿದೆ. ಇತ್ತೀಚಿನ ವರ್ಷಗಳಲ್ಲಿ ಇಂಥ ಕೆಲವು ಓಣಿಗಳನ್ನು ಶುಚಿಮಾಡಿ, ಗೋಡೆಗೆ ಚಿತ್ರ ಬರೆದು, ನಡೆದಾಡುವ ದಾರಿಗಳನ್ನಾಗಿ ಮಾಡಿದ್ದಾರೆ. ಒಳ್ಳೆಯ ಕೆಲಸವೇ. ಚಿತ್ರಗಳಲ್ಲಿ ಹೂವೂ ಹಕ್ಕಿಯೂ ಇವೆ. ಆ ದಾರಿಯಲ್ಲಿ ನಡೆದವರನ್ನು ಕುರಿತ ಒಂದು ಸಾಲಾದರೂ ಅಲ್ಲಿ ಇರಬಹುದಾಗಿದ್ದಿತು.

ಮರಗಳನ್ನು ನೆಟ್ಟವರಾರು ಎಂದರೆ ಎಲ್ಲರೂ ಒಂದೇ ಹೆಸರು ಹೇಳುತ್ತಾರೆ: ಕ್ರುಂಬಿಗಲ್. ಜರ್ಮನಿಯ ಈ ಉದ್ಯಾನಶಿಲ್ಪಿ ಬರೋಡದಿಂದ ಬೆಂಗಳೂರಿಗೆ ಬಂದು 1908ರಲ್ಲಿ ಲಾಲ್‌ಬಾಗಿನ ಆಡಳಿತ ವಹಿಸಿಕೊಂಡವರು. 1932ರಲ್ಲಿ ನಿವೃತ್ತರಾದರೂ ಈ ನಾಡನ್ನು ಬಿಡದೆ 1956ರಲ್ಲಿ ಇಲ್ಲಿಯೇ ಮಣ್ಣಾದವರು. ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಜಾತಿ ಹೂಬಿಡಬೇಕು, ವರ್ಷದ ಯಾವ ತಿಂಗಳಲ್ಲಿಯೂ ಊರು ಹೂವಿಲ್ಲದೆ ಇರಬಾರದು ಎಂಬ ಅವರ ಕಲ್ಪನೆ ನಮ್ಮ ಋತುವರ್ಣನೆಯ ಕವಿಗಳಿಗೆ ಮೆಚ್ಚುಗೆಯಾಗುವಂಥದು. ಆದರೆ ಕ್ರುಂಬಿಗಲ್ ಬರುವ ಹೊತ್ತಿಗೆ ಮಲ್ಲೇಶ್ವರಕ್ಕೆ ಹತ್ತು ವರ್ಷ ತುಂಬಿದ್ದಿತು. ಅವರಿಗಿಂತ ಮುಂಚೆ, 1874ರಿಂದ 1908ರವರೆಗೆ, ಲಾಲ್‌ಬಾಗನ್ನು ನೋಡಿಕೊಂಡವರು ಜಾನ್ ಕ್ಯಾಮರಾನ್. ಹೊರದೇಶಗಳ ಸಸ್ಯಗಳನ್ನು ತರಿಸಿ ಇಲ್ಲಿಯ ಮಣ್ಣಿಗೆ ಒಗ್ಗಿಸುವುದರಲ್ಲಿ ಅವರು ಪಟ್ಟ ಶ್ರಮ ಅಪಾರ. ಮೊದಲನೆಯವನನ್ನು ಮರೆತು ಎರಡನೆಯವನನ್ನು ಹೊಗಳುವುದು ಸಾಹಿತ್ಯಚರಿತ್ರೆಯಲ್ಲಿಯೂ ಆಗುತ್ತಲೇ ಇರುತ್ತದೆ. ಗುಂಡಿ ತೋಡಿದವರ, ನೀರು ಹೊತ್ತವರ ಹೆಸರಂತೂ ಎಲ್ಲಿಯೂ ಇಲ್ಲ.

ಸ್ವಾರಸ್ಯವೇನೆಂದರೆ ನಮ್ಮವೆಂದು ನಾವು ಮೆಚ್ಚುವ ಮರಗಳಲ್ಲಿ ಅನೇಕವು ಪರದೇಶದವು. ಏಪ್ರಿಲ್ ಮೇ ತಿಂಗಳಲ್ಲಿ ಕೆಂಪಾಗಿ ಉರಿಯುವ ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ನೀಲಿ ಹೂವಿನ ಜಕರಂಡ, ರಸ್ತೆಯ ಎರಡು ಬದಿಗೂ ಕೊಡೆ ಹಿಡಿಯುವ ಮಳೆಮರ ದಕ್ಷಿಣ ಅಮೆರಿಕದ ಕಡೆಯವು. ನೀರುಕಾಯಿ ಮರ ಆಫ್ರಿಕದ್ದು. ಅದರ ಮೊಗ್ಗನ್ನು ಹಿಸುಕಿ ನೀರು ಚಿಮ್ಮಿಸುವುದನ್ನು ಮಲ್ಲೇಶ್ವರದ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ರಾತ್ರಿ ಪರಿಮಳ ಬೀರಿ ಬೆಳಗಾಗುವುದರೊಳಗೆ ನೆಲಕ್ಕೆ ಬಿಳಿಯ ಹಾಸು ಹಾಸುವ ಆಕಾಶಮಲ್ಲಿಗೆ ಬರ್ಮಾದ ಕಡೆಯಿಂದ ಬಂದದ್ದು. ಭಾಷೆಗೆ ಹೊರಗಿನ ಮಾತುಗಳು ಬಂದು ಒಳಗಿನವಾಗುವಂತೆ ಇವೂ ಬಂದುವು, ಬೇರುಬಿಟ್ಟುವು. ಇವುಗಳ ನಡುವೆ ದೇಶ್ಯಪದಗಳಂತೆ ಹೊಂಗೆ, ಬೇವು, ಸಂಪಿಗೆ, ಮಾವು, ಅತ್ತಿ, ಅರಳಿ ನಿಂತಿವೆ.

ಭಾಷೆಯ ಮಾತು ಬಂದುದರಿಂದ ಮಾರ್ಗೋಸ ರಸ್ತೆಯ ವಿಚಾರವನ್ನು ಹೇಳದೆ ಮುಂದೆ ಹೋಗಲಾರೆ. ಮಾರ್ಗೋಸ ಎಂಬುದು ಬೇವಿಗೆ ಇಂಗ್ಲಿಷರು ಕೊಟ್ಟ ಹೆಸರು. ಅವರಿಗೆ ಅದು ಬಂದದ್ದು ಪೋರ್ಚುಗೀಸರ ಅಮರ್ಗೋಸ ಎಂಬ ಮಾತಿನಿಂದ. ಹಾಗೆಂದರೆ ಕಹಿ. ಬೇವು ಎನ್ನುವ ನಮ್ಮ ಎರಡಕ್ಷರದ ಮಾತು ಇದ್ದಹಾಗೆಯೇ ಪೋರ್ಚುಗೀಸಿನ ಕಹಿಯನ್ನು ಇಂಗ್ಲಿಷಿನ ಮೂಲಕ ತಂದು ಕನ್ನಡ ಅಕ್ಷರದಲ್ಲಿ ಹಲಗೆಯ ಮೇಲೆ ಬರೆದಿದ್ದೇವೆ. ಯುಗಾದಿಯ ಹೊತ್ತಿಗೆ ಬೇವಿನ ಹೂವು ಎಂಟನೆಯ ಅಡ್ಡರಸ್ತೆಯ ಹೂವಿನ ಅಂಗಡಿಗಳಲ್ಲಿ ಮಾರಾಟಕ್ಕೆ ಬರುತ್ತದೆ. ಕೊಳ್ಳುವವರಲ್ಲಿ ಎಷ್ಟು ಜನ ಮಾರ್ಗೋಸ ರಸ್ತೆಯಿಂದ ನಡೆದುಬಂದವರೋ! ಸಂಪಿಗೆ ರಸ್ತೆಯ ಪಾಡು ಇನ್ನೊಂದು ಬಗೆ. ಸಂಪಿಗೆಯ ಮರಗಳು ಆ ರಸ್ತೆಯಲ್ಲಿ ಇಂದು ಅಪರೂಪ. ಹೆಸರು ಮಾತ್ರ ಗಟ್ಟಿಯಾಗಿದೆ. 2014ರಲ್ಲಿ ಮೆಟ್ರೋ ರೈಲು ಬಂದಾಗ ನಿಲ್ದಾಣಕ್ಕೆ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ಎಂಬ ಜೋಡಿಹೆಸರು ಬಿದ್ದಿತು. ಮೊದಲ ಹೆಸರು ಹಳೆಯ ರಾಜಾ ಮಿಲ್ ಇದ್ದ ಜಾಗದಲ್ಲಿ 2010ರಲ್ಲಿ ತೆರೆದ ಮಾರಾಟಮಳಿಗೆಯದು. ಹೂವಿನ ಹೆಸರು ಎರಡನೆಯ ಸ್ಥಾನದಲ್ಲಾದರೂ ಉಳಿಯಿತಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಕು.

ರಸ್ತೆಯ ಮರಗಳು ಸರ್ಕಾರದವು. ಆದರೆ ಮಲ್ಲೇಶ್ವರದ ಹಸಿರಿನಲ್ಲಿ ದೊಡ್ಡ ಪಾಲು ಮನೆಗಳ ಕಾಂಪೌಂಡಿನ ಒಳಗಿನದು. ಇದನ್ನು ಯಾವ ಕ್ರುಂಬಿಗಲ್ಲೂ ಯೋಜಿಸಲಿಲ್ಲ. ಮಂಗಳೂರು ಹೆಂಚಿನ ಮನೆ, ಕಿಟಕಿಯ ಮೇಲೆ ಮರದ ಪಟ್ಟಿಗಳ ಚೂಪು ಮಾಡು, ಮುಂದೆ ಜಗಲಿ. ಜಗಲಿಯ ಮುಂದೆ ಪಾರಿಜಾತ, ನಂದಿಬಟ್ಟಲು, ಕಣಗಿಲೆ, ದಾಸವಾಳ. ಇವು ದೇವರ ಪಾಲು. ಹಿತ್ತಲಿನಲ್ಲಿ ಬಾವಿ, ಬಾವಿಯ ಸುತ್ತ ತೆಂಗು, ಮಾವು, ಸೀಬೆ, ನಿಂಬೆ, ಕರಿಬೇವು, ನುಗ್ಗೆ. ಇವು ಅಡಿಗೆಮನೆಯ ಪಾಲು. ಪೂಜೆಯೂ ಅಡಿಗೆಯೂ ಸೇರಿ ಬೆಳೆಸಿದ ಈ ತೋಟಕ್ಕೆ ವಿನ್ಯಾಸವೆಂಬುದಿರಲಿಲ್ಲ. ಮನೆಯ ಹೆಂಗಸರು ಎಲ್ಲಿ ನೀರು ಚೆಲ್ಲುತ್ತಿದ್ದರೋ ಅಲ್ಲಿ ಗಿಡ ಬೆಳೆಯುತ್ತಿದ್ದಿತು. ಬೆಳಗಿನ ಜಾವದಲ್ಲಿ ಕೈಯಲ್ಲಿ ಕೊಕ್ಕೆಯ ಕೋಲು, ಹೆಗಲಲ್ಲಿ ಬಟ್ಟೆಯ ಚೀಲ ಹಿಡಿದು ಪರರ ಕಾಂಪೌಂಡಿನ ಹೂ ಕೀಳುವ ಹಿರಿಯರೂ ಈ ಸಂಸ್ಕೃತಿಯ ಅಂಗವೇ ಆಗಿದ್ದರು, ಈಗಲೂ ಆಗಿದ್ದಾರೆ. ದೇವರಿಗಾಗಿ ಕದ್ದ ಹೂವು ಕಳವಲ್ಲವೆಂಬುದು ಅವರ ಧರ್ಮಶಾಸ್ತ್ರ. ಮನೆಯೊಡತಿಯ ಧರ್ಮಶಾಸ್ತ್ರ ಬೇರೆ.

ಬಡಾವಣೆಯ ಉತ್ತರಕ್ಕೆ ವಿಜ್ಞಾನ ಸಂಸ್ಥೆ ಬಂದಿತು. ಹಳಬರ ಬಾಯಲ್ಲಿ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟು. 1907ರಲ್ಲಿ ಮೈಸೂರು ಮಹಾರಾಜರು ಅದಕ್ಕೆ ಸುಮಾರು 370 ಎಕರೆ ನೆಲ ಕೊಟ್ಟರು, 1909ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. ಬಯಲಿನಂತಿದ್ದ ಆ ನೆಲ ಇಂದು ಬೆಂಗಳೂರಿನ ದಟ್ಟವಾದ ತೋಪುಗಳಲ್ಲಿ ಒಂದು. ಆ ಸಂಸ್ಥೆಯ ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ ಅವರ ಮನೆ ಪಂಚವಟಿ ಮಲ್ಲೇಶ್ವರದಲ್ಲೇ ಇದೆ. ಬೆಳಕನ್ನು ಅರಿಯಲು ಬಾಳನ್ನು ಸವೆಸಿದ ಆ ಮಹನೀಯರು ತಮ್ಮ ಮನೆಗೆ ಇಟ್ಟ ಹೆಸರು ಐದು ವೃಕ್ಷಗಳದು. 1970ರಲ್ಲಿ ಅವರು ತೀರಿಕೊಂಡಾಗ ಅವರದೇ ಸಂಶೋಧನಾಲಯದ ತೋಟದಲ್ಲಿ ದಹನಸಂಸ್ಕಾರ ನಡೆಯಿತು. ಆ ಸ್ಥಳದಲ್ಲಿ ಮಂಟಪವಿಲ್ಲ, ಒಂದು ಮರವಿದೆ.

ಹಿತ್ತಲಿನ ತೋಟಕ್ಕೆ ಒದಗಿದ ಅಪಾಯ ಯಾರ ದ್ವೇಷದಿಂದಲೂ ಬಂದದ್ದಲ್ಲ. ತಂದೆ ಕಟ್ಟಿದ ಮನೆ ಮೂವರು ಮಕ್ಕಳ ಪಾಲಾಗಬೇಕು, ಒಬ್ಬರು ಪರದೇಶದಲ್ಲಿದ್ದಾರೆ, ನೆಲದ ಬೆಲೆ ಏರಿದೆ. ಮನೆ ಕೆಡವಿ ನಾಲ್ಕಂತಸ್ತಿನ ಕಟ್ಟಡ ಎದ್ದರೆ ಎಲ್ಲರಿಗೂ ಒಂದೊಂದು ಪಾಲು ಸಿಗುತ್ತದೆ. ಮಾವಿನ ಮರಕ್ಕೆ ಮಾತ್ರ ಪಾಲಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಖಾಸಗಿ ನೆಲದ ಮರವನ್ನು ಕಡಿಯುವುದಕ್ಕೂ ಅಪ್ಪಣೆ ಬೇಕು. ಅಪ್ಪಣೆ ಬೇಕೆಂಬ ಕಾನೂನು ಮರವನ್ನು ಒಂದಷ್ಟು ಕಾಲ ಉಳಿಸಬಲ್ಲದು. ಮರದ ಸುತ್ತ ಸಿಮೆಂಟು ಬಿದ್ದು ಬೇರು ಉಸಿರುಗಟ್ಟುವುದನ್ನು ತಡೆಯಲಾರದು.

ರಸ್ತೆಯ ಮರಗಳಿಗಾದರೋ ಬೇರೊಂದು ಕಷ್ಟ. ಗಾಳಿಗೆಂದು ಅಗಲವಾಗಿ ಬಿಟ್ಟ ರಸ್ತೆಗಳು ವಾಹನಗಳಿಗೆ ಸಾಲದಾಗಿವೆ. 2011ರಲ್ಲಿ ಸ್ಯಾಂಕಿ ರಸ್ತೆಯನ್ನು ಅಗಲಿಸಲು ಕೆರೆಯ ಪಕ್ಕದ ಮರಗಳನ್ನು ಕಡಿಯತೊಡಗಿದಾಗ ನಿವಾಸಿಗಳು ರಸ್ತೆಗಿಳಿದರು, ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಕೆಲವು ಮರಗಳು ಅಷ್ಟರಲ್ಲೇ ಉರುಳಿದ್ದುವು. ಮತ್ತೆ 2023ರ ಆರಂಭದಲ್ಲಿ, ಅದೇ ರಸ್ತೆಯಲ್ಲಿ ಮೇಲುಸೇತುವೆ ಕಟ್ಟುವ ಯೋಜನೆಯನ್ನು ವಿರೋಧಿಸಿ ಮಕ್ಕಳೂ ಮುದುಕರೂ ಸೇರಿ ಮೌನವಾಗಿ ನಡೆದರು. ಅವಸರದ ವಾಹನದಲ್ಲಿ ಕುಳಿತವನಿಗೂ ಅವನದೇ ಆದ ನ್ಯಾಯವುಂಟು. ಆತ ಮಲ್ಲೇಶ್ವರದವನಲ್ಲ, ಅದರ ನೆರಳು ಅವನಿಗೆ ದಕ್ಕಿಲ್ಲ, ಅವನಿಗೆ ಬೇಕಾದುದು ಆಚೆಯ ಊರನ್ನು ಸೇರುವ ದಾರಿ. ನೆರಳಿನಲ್ಲಿ ಹುಟ್ಟಿ ಬೆಳೆದವರು ಅವನ ಮಾತನ್ನು ಕೇಳಿಸಿಕೊಳ್ಳಬೇಕು. ಆದರೂ ನನ್ನನ್ನು ಕೇಳಿದರೆ, ರಸ್ತೆ ಅಗಲಿಸಿದಷ್ಟೂ ವಾಹನಗಳು ಹೆಚ್ಚುವುದನ್ನು ಕಣ್ಣಾರೆ ಕಂಡಮೇಲೆ, ನೂರು ವರ್ಷದ ಮರವನ್ನು ಐದು ವರ್ಷದ ಅನುಕೂಲಕ್ಕೆ ಕೊಡುವುದು ಲೆಕ್ಕ ತಿಳಿದವರ ವ್ಯವಹಾರವಲ್ಲವೆಂದೇ ಹೇಳುತ್ತೇನೆ.

ಕಾಡು ಎಂಬ ಹೆಸರು ಅಲ್ಲಿ ಪೂರ್ತಿ ಸುಳ್ಳಾಗಿಲ್ಲ ಎಂಬುದಕ್ಕೆ ಒಂದು ಪುಟ್ಟ ಪ್ರಾಣಿ ಸಾಕ್ಷಿಯಾಗಿದೆ. ಕಾಡುಪಾಪ ಎಂದು ಅದನ್ನು ಕರೆಯುತ್ತೇವೆ. ಅಂಗೈಯಲ್ಲಿ ಹಿಡಿಯುವಷ್ಟು ಮೈ, ಕಡ್ಡಿಯಂಥ ಕೈಕಾಲು, ಮುಖದ ತುಂಬ ಎರಡು ದುಂಡು ಕಣ್ಣು. ರಾತ್ರಿ ಹೊತ್ತು ಹುಳುಹುಪ್ಪಟೆಗಳನ್ನು ಹುಡುಕಿ ತಿನ್ನುವ ಈ ಪ್ರಾಣಿ ವಿಜ್ಞಾನ ಸಂಸ್ಥೆಯ ತೋಪಿನಲ್ಲಿ ಇಂದಿಗೂ ಬದುಕಿರುವುದನ್ನು ಅಧ್ಯಯನ ಮಾಡಿದವರು ಗುರುತಿಸಿದ್ದಾರೆ. ಕೋತಿಯ ದೂರದ ನೆಂಟನಾದರೂ ಇದಕ್ಕೆ ನೆಗೆಯಲು ಬಾರದು. ಒಂದು ಕೊಂಬೆಯನ್ನು ಬಿಡದೆ ಹಿಡಿದುಕೊಂಡೇ ಇನ್ನೊಂದು ಕೊಂಬೆಗೆ ಕೈ ಚಾಚಿ, ಮೆಲ್ಲಮೆಲ್ಲನೆ ದಾಟುತ್ತದೆ. ರಸ್ತೆಯ ಈ ಬದಿಯ ಮರದ ಕೊಂಬೆ ಆ ಬದಿಯ ಮರದ ಕೊಂಬೆಯನ್ನು ಮುಟ್ಟುತ್ತಿದ್ದರೆ ಅದಕ್ಕೆ ದಾರಿಯುಂಟು. ಮುಟ್ಟದಿದ್ದರೆ ನಡುವೆ ಇರುವ ಹತ್ತು ಅಡಿಯ ಬಯಲು ಅದಕ್ಕೆ ಸಮುದ್ರ. ವಿದ್ಯುತ್ ತಂತಿಗೆ ತಾಗುತ್ತದೆಂದು ಮಳೆಗಾಲಕ್ಕೆ ಮುಂಚೆ ಕೊಂಬೆಗಳನ್ನು ಸವರಲು ಬರುವ ಕೆಲಸಗಾರರು ಕೆಳಗಿನ ತಂತಿಗಳನ್ನು ನೋಡುತ್ತಾರೆ. ಮೇಲೆ, ರಸ್ತೆಯ ನಡುವೆ, ಎರಡು ಮಳೆಮರಗಳು ಕೈಕೈ ಹಿಡಿದಿರುವ ಎತ್ತರ ಅದಕ್ಕಿಂತ ಬಹಳ ಮೇಲಿದೆ.